ಹಿತ್ತಲಿಗೊಂದು ನಕ್ಷೆ

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆ ಗಾದೆ ಹುಟ್ಟಿದ ಕಾಲದಲ್ಲಿ ಮನೆಗೊಂದು ಹಿತ್ತಲಾದರೂ ಇದ್ದಿತು. ಹಿತ್ತಲಲ್ಲಿ ಅಲಕ್ಷ್ಯಕ್ಕೆ ಗುರಿಯಾಗಲು ಒಂದು ಗಿಡವಾದರೂ ಇದ್ದಿತು. ಇಂದು ಗದಗ-ಬೆಟಗೇರಿಯ ಹೊಸ ಬಡಾವಣೆಗಳಲ್ಲಿ ಆ ಭಾಗ್ಯವೂ ಅಪರೂಪವಾಗುತ್ತಿದೆ. ಗೋಡೆ ಎದ್ದು, ಸುಣ್ಣಬಣ್ಣ ಮುಗಿದು, ಇನ್ನೇನು ಗೃಹಪ್ರವೇಶಕ್ಕೆ ಮುಹೂರ್ತ ನೋಡಬೇಕೆನ್ನುವಾಗ ಮನೆಯ ಹಿಂದೆ ಉಳಿದ ನಾಲ್ಕು ಮಾರು ಬಯಲಿಗೆ ಫರಸಿ ಹಾಸಿಬಿಡುವುದು ಒಂದು ವಿಧಿಯೇ ಆಗಿಹೋಗಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೂ ಗಾಳಿ ಅದೇ ದಿಕ್ಕಿಗೆ ಬೀಸುತ್ತಿದೆ. ಫರಸಿ ಹಾಸಿದ ಅಂಗಳ ಗುಡಿಸಲು ಸುಲಭ, ನೋಡಲು ಚೊಕ್ಕಟ. ಆದರೆ ಆ ಕಲ್ಲಿನ ಕೆಳಗೆ ಏನು ಮುಚ್ಚಿಹೋಯಿತು ಎಂಬುದನ್ನು ಲೆಕ್ಕ ಹಾಕಿ ನೋಡುವವರು ವಿರಳ.

ಲೆಕ್ಕಕ್ಕೆ ಅನುಕೂಲವಾಗುವಂತೆ ಓದುಗರು ಒಂದು ಮನೆಯನ್ನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಲಿ. ನಿವೇಶನ ೪೦ ಅಡಿ ಅಗಲ, ೬೦ ಅಡಿ ಉದ್ದ. ಅದರಲ್ಲಿ ಅರ್ಧ, ಎಂದರೆ ೧,೨೦೦ ಚದರ ಅಡಿ, ಮನೆ. ಹಿಂದೆ ೪೦ ಅಡಿ ಅಗಲ, ೧೮ ಅಡಿ ಉದ್ದದ ಹಿತ್ತಲು. ಮನೆಯಲ್ಲಿ ಐವರು: ನಿವೃತ್ತರಾದ ಅಜ್ಜ, ಅಜ್ಜಿ, ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಅಜ್ಜನಿಗೆ ಫರಸಿ ಹಾಕಿಸಬೇಕೆಂಬ ಹಟ. ಸೊಸೆಗೆ ತೋಟ ಮಾಡಬೇಕೆಂಬ ಆಸೆ.

“ಎರಿ ಮಣ್ಣು ಯವ್ವಾ ಇದು. ಮಳಿ ಬಿತ್ತಂದ್ರ ಕಾಲಿಗೆ ಮೆತ್ತಿ ಅಡಿಗಿ ಮನಿತನಕ ಬರತೈತಿ. ಸೊಳ್ಳಿ, ಹಾವು, ಹುಳ ಬ್ಯಾರೆ” ಎಂದು ಮಾವ.

“ಹೌದ್ರೀ ಮಾವಾರ. ಆದರ ಪ್ಯಾಟಿಯಿಂದ ತಂದ ಕೊತ್ತಂಬರಿ ಸಂಜಿಗೆ ಬಾಡಿ ಹೋಗತೈತಿ. ಬಚ್ಚಲ ನೀರು ದಿನಾ ಗಟಾರಕ್ಕ ಹರಿದು ಹೋಗತೈತಿ. ಅದನ್ನ ನೋಡಿ ಸುಮ್ಮನ ಇರೂದು ಹ್ಯಾಂಗ?” ಎಂದು ಸೊಸೆ.

ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ಮಾವನ ಆಕ್ಷೇಪಗಳಲ್ಲಿ ಒಂದೂ ಸುಳ್ಳಲ್ಲ. ಸೊಸೆ ನಾಳೆಯೇ ಹತ್ತು ಸಸಿಗಳನ್ನು ತಂದು ಸಿಕ್ಕಸಿಕ್ಕಲ್ಲಿ ನೆಟ್ಟರೆ ಮುಂದಿನ ಏಪ್ರಿಲ್ ಹೊತ್ತಿಗೆ ಒಂಬತ್ತು ಒಣಗುವುವು. ಮಾವನ ಮಾತೇ ಗೆಲ್ಲುವುದು. ಈ ವ್ಯಾಜ್ಯವನ್ನು ತೀರಿಸಬಲ್ಲ ಸಾಧನ ಗುದ್ದಲಿಯಲ್ಲ. ಒಂದು ಹಾಳೆ ಕಾಗದ, ಒಂದು ಸೀಸದ ಕಡ್ಡಿ ಮತ್ತು ಕೊಂಚ ತಾಳ್ಮೆ.

ಹೊಸ ಹೆಸರು, ಹಳೆಯ ಬಾಳು

ಹೀಗೆ ಮೊದಲು ನೋಡಿ, ಅಳೆದು, ನಕ್ಷೆ ಬರೆದು, ಅನಂತರ ನೆಡುವ ಕ್ರಮಕ್ಕೆ ಹೊರನಾಡಿನಲ್ಲಿ ‘ಪರ್ಮಾಕಲ್ಚರ್’ ಎಂಬ ಹೆಸರಿದೆ. ಕನ್ನಡದಲ್ಲಿ ಅದನ್ನು ಶಾಶ್ವತ ಕೃಷಿ ಎಂದು ಕರೆಯುವುದುಂಟು. ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದಲ್ಲಿ ಬಿಲ್ ಮಾಲಿಸನ್ ಎಂಬ ಅಧ್ಯಾಪಕರೂ ಡೇವಿಡ್ ಹೋಮ್‌ಗ್ರೆನ್ ಎಂಬ ತರುಣ ವಿದ್ಯಾರ್ಥಿಯೂ ಸೇರಿ ರೂಪಿಸಿದ ವಿಚಾರವಿದು. ಅವರ ಮೊದಲ ಗ್ರಂಥ ಬೆಳಕು ಕಂಡದ್ದು ೧೯೭೮ರಲ್ಲಿ. ವರ್ಷವರ್ಷವೂ ಉತ್ತು ಬಿತ್ತಿ ನೆಲವನ್ನು ದಣಿಸುವ ಬದಲು ಕಾಡು ತನ್ನನ್ನು ತಾನೇ ಪೋಷಿಸಿಕೊಳ್ಳುವಂತೆ ತೋಟವೂ ಪೋಷಿಸಿಕೊಳ್ಳಬಾರದೇಕೆ ಎಂಬುದು ಅವರ ಪ್ರಶ್ನೆ. ಒಂದರ ಕಸ ಇನ್ನೊಂದಕ್ಕೆ ಆಹಾರವಾಗಬೇಕು. ಒಂದೊಂದು ಗಿಡವೂ ಎರಡು ಮೂರು ಕೆಲಸಗಳನ್ನು ನಿರ್ವಹಿಸಬೇಕು. ಬಿದ್ದ ಮಳೆ ಬಿದ್ದಲ್ಲಿಯೇ ಇಂಗಬೇಕು. ಭೂಮಿಯ ಪೋಷಣೆ, ಮನುಷ್ಯರ ಪೋಷಣೆ, ಹೆಚ್ಚಾದುದನ್ನು ಹಂಚಿಕೊಳ್ಳುವುದು: ಇವು ಮೂರು ಅವರ ಧರ್ಮಸೂತ್ರಗಳು.

೧೯೮೭ರಲ್ಲಿ ಮಾಲಿಸನ್ನರು ಭಾರತಕ್ಕೆ ಬಂದು ಪಾಠ ಹೇಳಿದರು. ಬೀದರ ಜಿಲ್ಲೆಯ ಗಡಿಗೆ ಹೊಂದಿಕೊಂಡ, ಇಂದು ತೆಲಂಗಾಣಕ್ಕೆ ಸೇರಿರುವ ಜಹೀರಾಬಾದಿನ ಸೀಮೆ ಈ ವಿಚಾರ ಬೇರೂರಿದ ಭಾರತದ ಮೊದಲ ನೆಲೆಗಳಲ್ಲೊಂದು. ೨೦೧೭ರಲ್ಲಿ ಈ ಕೃಷಿಯ ಅಂತರರಾಷ್ಟ್ರೀಯ ಸಮಾವೇಶವೂ ಹೈದರಾಬಾದಿನ ಕಡೆಯಲ್ಲೇ ನೆರೆದಿತು. ಅದೂ ಮಳೆ ಕಡಿಮೆಯ ಬಯಲುಸೀಮೆಯೇ. ಆದಕಾರಣ ಈ ಮಾತು ಮಲೆನಾಡಿಗೆ ಮಾತ್ರ ಸಲ್ಲತಕ್ಕುದು, ಗದಗಿನ ಬಿಸಿಲಿಗೆ ಅಲ್ಲ ಎಂದು ತಳ್ಳಿಹಾಕುವಂತಿಲ್ಲ.

ಗದಗ ಸೀಮೆಯ ಒಕ್ಕಲಿಗನಿಗೆ ಇದರಲ್ಲಿ ಅರ್ಧ ಪಾಠ ಮೊದಲೇ ತಿಳಿದಿದೆ. ಜೋಳದ ನಡುವೆ ಅಕ್ಕಡಿ ಸಾಲಾಗಿ ತೊಗರಿ, ಹೆಸರು, ಅವರೆ ಹಾಕುವವನು ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲೆಂದು ಹಾಕುವನು. ಆ ದ್ವಿದಳಗಳ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವುವೆಂಬುದು ವಿಜ್ಞಾನ ಕೊಟ್ಟ ಸಮರ್ಥನೆ. ಹೊಲದಲ್ಲಿ ಉಳಿದುಕೊಂಡ ಈ ವಿವೇಕ ಪೇಟೆಯ ಹಿತ್ತಲಿನಿಂದ ಮಾತ್ರ ಜಾರಿಹೋಯಿತು.

ನೆಲ ಯಾವುದು, ನೀರು ಎಲ್ಲಿಯದು?

ನಕ್ಷೆಯ ಮೊದಲ ಪ್ರಶ್ನೆ ಮಣ್ಣಿನದು. ಗದಗಿನ ಸುತ್ತಲೂ ಲಕ್ಷ್ಮೇಶ್ವರದ ಬಯಲಿನಲ್ಲಿಯೂ ಬಹುಮಟ್ಟಿಗೆ ಕಪ್ಪು ಎರೆ. ಕಪ್ಪತಗುಡ್ಡದ ಮಗ್ಗುಲಿಗೆ ಬಂದ ಹಾಗೆ, ಶಿರಹಟ್ಟಿ ಮುಂಡರಗಿಗಳ ಕಡೆ, ಕೆಂಪು ಮಸಾರಿ ಹೆಚ್ಚು. ಆದರೂ ಒಂದೇ ಊರಿನಲ್ಲಿ ಓಣಿಯಿಂದ ಓಣಿಗೆ ಮಣ್ಣು ಬದಲಾಗುವುದುಂಟು. ಕಟ್ಟಡದ ಗುತ್ತಿಗೆದಾರ ಹೊರಗಿನಿಂದ ಮೊರಂ ತಂದು ಸುರಿದಿದ್ದರೆ ಕೇಳುವುದೇ ಬೇಡ. ಪರೀಕ್ಷೆ ಸುಲಭ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಬೇಕು. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಡಿಯಾರ ನೋಡಬೇಕು. ಎರಡನೆಯ ಸಲದ ನೀರು ಕೆಲವು ನಿಮಿಷಗಳಲ್ಲಿಯೇ ಮಾಯವಾದರೆ ಮಸಾರಿಯ ಗುಣ. ಗಂಟೆಗಟ್ಟಲೆ ನಿಂತರೆ ಎರೆಯ ಗುಣ. ಮಣ್ಣಿನ ಸಾರವನ್ನು ವಿವರವಾಗಿ ತಿಳಿಯಬಯಸುವವರು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಈ ಭೇದದಿಂದ ಪಾತಿಯ ಆಕಾರವೇ ಬದಲಾಗುವುದು. ಎರೆ ನೀರು ಕುಡಿದು ಉಬ್ಬುವುದು, ಒಣಗಿ ಬಿರಿಯುವುದು. ಮಳೆಗಾಲದಲ್ಲಿ ಬೇರಿಗೆ ಉಸಿರಾಡಲೂ ಎಡೆಗೊಡದು. ಆದ್ದರಿಂದ ಎರೆಯಲ್ಲಿ ಪಾತಿಯನ್ನು ನೆಲಮಟ್ಟದಿಂದ ಅರ್ಧ ಮುಕ್ಕಾಲು ಅಡಿ ಎತ್ತರಿಸಬೇಕು. ಮಸಾರಿಯಲ್ಲಿ ಇದಕ್ಕೆ ವಿರುದ್ಧ: ಅಲ್ಲಿ ನೀರು ನಿಲ್ಲದು, ಆದಕಾರಣ ಪಾತಿಯನ್ನು ನೆಲಮಟ್ಟಕ್ಕಿಂತ ನಾಲ್ಕಾರು ಅಂಗುಲ ತಗ್ಗಿಸಿ ಸುತ್ತ ಬದು ಕಟ್ಟಬೇಕು. ಬೆಟಗೇರಿಯ ಎರೆಯ ಹಿತ್ತಲನ್ನು ಕಂಡು ಬಂದವರು ಮುಂಡರಗಿಯ ಮಸಾರಿಯಲ್ಲಿ ಅದನ್ನೇ ಅನುಕರಿಸಿದರೆ ಎತ್ತರದ ಪಾತಿ ಒಂದೇ ದಿನದಲ್ಲಿ ಒಣಗುವುದು. ಪುಸ್ತಕ ಓದಿ ತೋಟ ಮಾಡುವವರು ಎಡವುವುದು ಇಂಥಲ್ಲಿಯೇ.

ಎರಡನೆಯ ಪ್ರಶ್ನೆ ನೀರಿನದು. ಗದಗ-ಬೆಟಗೇರಿಯ ನಳಗಳಿಗೆ ನೀರು ಬರುವುದು ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿ ಹರಿಯುವ ತುಂಗಭದ್ರೆಯಿಂದ. ಅಷ್ಟು ದೂರದಿಂದ ಏರಿಸಿ ತಂದ ನೀರನ್ನು ಮನೆಮನೆಗಳಲ್ಲಿ ಪೀಪಾಯಿ, ತೊಟ್ಟಿ, ಕೊಡಗಳಲ್ಲಿ ತುಂಬಿಟ್ಟುಕೊಂಡು ಬಾಳುವುದು ಇಲ್ಲಿಯ ಗೃಹಿಣಿಯರಿಗೆ ರೂಢಿಯಾಗಿಹೋಗಿದೆ. ಕೊಳವೆಬಾವಿಯನ್ನು ನಂಬೋಣವೆಂದರೆ ಅದು ಎಷ್ಟು ದಿನದ ಮಾತು? ಮೇಲಾಗಿ ಜಿಲ್ಲೆಯ ಅನೇಕ ಕಡೆ, ಮುಂಡರಗಿ ತಾಲೂಕಿನಲ್ಲಂತೂ, ಆಳದ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿ ಹಲ್ಲು, ಎಲುಬುಗಳಿಗೆ ಕೇಡು ತಂದಿರುವುದು ಬಲ್ಲವರ ಅಳಲು. ಇಂಥ ಊರಿನಲ್ಲಿ ತೋಟದ ಮಾತೆತ್ತುವವರು ನಳದ ನೀರಿನ ಮೇಲೆ ಕಣ್ಣಿಡುವುದು ನ್ಯಾಯವಲ್ಲ. ಹಾಗಾದರೆ ಯಾವ ನೀರು?

ಮಾಳಿಗೆಯ ಲೆಕ್ಕ, ಬಚ್ಚಲ ಲೆಕ್ಕ, ಮಣ್ಣಿನ ಲೆಕ್ಕ

ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ ಹೆಚ್ಚುಕಡಿಮೆ ೬೦೦ ಮಿಲಿಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ ಅದು ಒಂದು ಲೀಟರ್ ನೀರು. ಮೇಲೆ ಕಲ್ಪಿಸಿಕೊಂಡ ಮನೆಯ ಮಾಳಿಗೆ ೧,೨೦೦ ಚದರ ಅಡಿ, ಎಂದರೆ ಸುಮಾರು ೧೧೧ ಚದರ ಮೀಟರ್. ಅದರ ಮೇಲೆ ವರ್ಷಕ್ಕೆ ಸುರಿಯುವ ನೀರು ೬೬ ಸಾವಿರ ಲೀಟರಿಗೂ ಮಿಕ್ಕು. ಆವಿಯಾಗಿ, ಚೆಲ್ಲಿ, ಐದರಲ್ಲೊಂದು ಪಾಲು ನಷ್ಟವಾಯಿತೆಂದಿಟ್ಟುಕೊಂಡರೂ ೫೩ ಸಾವಿರ ಲೀಟರ್ ಉಳಿಯುವುದು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಮೂರೂವರೆ ಸಾವಿರ ಕೊಡ! ಕೊಡ ನೀರಿಗಾಗಿ ನಳದ ಮುಂದೆ ಕಾದ ಮನೆಯ ಮಾಳಿಗೆಯಿಂದಲೇ ಇಷ್ಟೂ ನೀರು ಬೀದಿಯ ಗಟಾರಕ್ಕೆ ಇಳಿಯುತ್ತಿದೆ.

ಇನ್ನು ಬಚ್ಚಲ ಲೆಕ್ಕ. ಒಬ್ಬರ ಸ್ನಾನಕ್ಕೆ ಹದಿನೆಂಟು ಲೀಟರಿನ ಒಂದು ಬಕೆಟ್ ಎಂದರೂ ಐವರಿಗೆ ೯೦ ಲೀಟರ್. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಇನ್ನೊಂದು ಕೊಡ ಕೂಡಿದರೆ ದಿನಕ್ಕೆ ನೂರು ಲೀಟರಿಗೆ ಕಡಿಮೆಯಿಲ್ಲ. ವರ್ಷಕ್ಕೆ ೩೬ ಸಾವಿರ. ಮಳೆ ಮುನಿದರೂ ಈ ನೀರು ತಪ್ಪದು; ಸ್ನಾನವಿಲ್ಲದ ದಿನವುಂಟೇ?

ಎಲ್ಲಕ್ಕಿಂತ ಬೆರಗುಗೊಳಿಸುವುದು ಮೂರನೆಯ ಲೆಕ್ಕ. ಹಿಂಗಾರಿ ಜೋಳ ಗದಗಿನ ಎರೆಯಲ್ಲಿ ಹೇಗೆ ಬೆಳೆಯುತ್ತದೆ? ಬಿತ್ತಿದ ಮೇಲೆ ಮಳೆ ಬಹುಮಟ್ಟಿಗೆ ನಿಂತೇಹೋಗುವುದು. ಆದರೂ ತೆನೆ ತುಂಬುವುದು. ಮಳೆಗಾಲದ ನೀರನ್ನು ಎರೆ ತನ್ನ ಒಡಲಲ್ಲಿ ಹಿಡಿದಿಟ್ಟುಕೊಂಡು ಚಳಿಗಾಲದುದ್ದಕ್ಕೂ ಬೇರಿಗೆ ಉಣಿಸುವುದೇ ಅದರ ಗುಟ್ಟು. ಒಂದು ಮೀಟರ್ ಆಳದ ಒಳ್ಳೆಯ ಎರೆ ಬೇರಿಗೆ ದಕ್ಕುವಂತೆ ಸುಮಾರು ೨೦೦ ಮಿಲಿಮೀಟರ್‌ವರೆಗೆ ನೀರನ್ನು ಹಿಡಿಯಬಲ್ಲದು. ಹಿತ್ತಲು ೭೨೦ ಚದರ ಅಡಿ, ಎಂದರೆ ೬೭ ಚದರ ಮೀಟರ್. ಗುಣಿಸಿದರೆ ಬರುವ ಮೊತ್ತ ಹದಿಮೂರು ಸಾವಿರ ಲೀಟರ್! ಹಾಗಾದರೆ ಹಿತ್ತಲಿನ ಮಣ್ಣೇ ಒಂದು ತೊಟ್ಟಿ. ಕಟ್ಟಿಸಲು ಸಿಮೆಂಟು ಬೇಡ, ಗಾರೆ ಬೇಡ. ಅದರ ಮೇಲೆ ಫರಸಿ ಹಾಸುವುದೆಂದರೆ ತುಂಬಬೇಕಾದ ತೊಟ್ಟಿಗೆ ಮೊದಲೇ ಮುಚ್ಚಳ ಹಾಕಿದಂತೆ.

ಮಾವ-ಸೊಸೆಯರ ವ್ಯಾಜ್ಯದಲ್ಲಿ ಪಣಕ್ಕಿಟ್ಟಿರುವುದು ಒಂದು ಕಟ್ಟು ಕೊತ್ತಂಬರಿಯಲ್ಲ, ಈ ನೀರು.

ನೋಡುವ ಕೆಲಸ

ಲೆಕ್ಕ ತಿಳಿದೊಡನೆ ಅಗೆಯಲು ಹೊರಡಬಾರದು. ಕೆಲವು ವಾರ ಸುಮ್ಮನೆ ನೋಡಬೇಕು. ಸಾಧ್ಯವಾದರೆ ಒಂದು ವರ್ಷ ನೋಡಬೇಕೆಂಬುದು ಬಲ್ಲವರ ಅಭಿಪ್ರಾಯ. ಮನೆಯಲ್ಲಿ ಹಿರಿಯರಿದ್ದರೆ ಈ ಕಾಯುವಿಕೆ ಅರ್ಧಕ್ಕಿಳಿಯುವುದು. ಉತ್ತರಿ ಮಳೆಗೆ ನೀರು ಎಲ್ಲಿ ನಿಲ್ಲುತ್ತದೆ, ಆಷಾಢದ ಗಾಳಿ ಯಾವ ಮೂಲೆಯಿಂದ ನುಗ್ಗುತ್ತದೆ, ಹಪ್ಪಳ ಎಲ್ಲಿ ಬೇಗ ಒಣಗುತ್ತದೆ ಎಂಬುದನ್ನು ಅಜ್ಜಿಯಷ್ಟು ಬಲ್ಲವರು ಯಾರು?

ಬಿಸಿಲಿನ ಜಾಡು ಹಲವರನ್ನು ಮೋಸಗೊಳಿಸುವುದು. ಗದಗು ಇರುವುದು ಸುಮಾರು ೧೫.೪ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಮೇ ತಿಂಗಳ ಮೊದಲಿನಿಂದ ಆಗಸ್ಟಿನ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಕೊಂಚ ಉತ್ತರಕ್ಕೆ ಸರಿದಿರುವನು. ಉಳಿದ ಕಾಲವೆಲ್ಲ ದಕ್ಷಿಣದಲ್ಲಿರುವನು. ಡಿಸೆಂಬರಿನಲ್ಲಂತೂ ಮನೆಯ ನೆರಳು ಉತ್ತರದ ಹಿತ್ತಲಿನ ಮೇಲೆ ಉದ್ದವಾಗಿ ಚಾಚಿಕೊಳ್ಳುವುದು. ಹಿತ್ತಲು ಉತ್ತರಕ್ಕಿದ್ದವರು ಚಳಿಗಾಲದ ಟೊಮೇಟೊ, ಬದನೆಗಳನ್ನು ಗೋಡೆಯ ಬುಡದಲ್ಲಿ ನೆಟ್ಟು ಕಾಯಿ ಬಾರದೆಂದು ಕೊರಗುವುದು ಈ ನೆರಳನ್ನು ಗಮನಿಸದ್ದರಿಂದಲೇ.

ಗಾಳಿಯ ಮಾತಿಗೆ ಸಾಕ್ಷಿ ಬೇಕಾದವರು ಕಪ್ಪತಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳತ್ತ ನೋಡಿದರೆ ಸಾಕು. ಜೂನಿನಿಂದ ಆಗಸ್ಟಿನವರೆಗೆ ಪಡುವಣದಿಂದಲೂ ನೈಋತ್ಯದಿಂದಲೂ ಬೀಸುವ ಗಾಳಿ ನುಗ್ಗೆಯ ಕೊಂಬೆಯನ್ನು ಚಕ್ಕನೆ ಮುರಿಯುವುದು. ಪಪ್ಪಾಯಿಯನ್ನು ಬುಡಸಹಿತ ಕೆಡವುವುದು. ಆದುದರಿಂದ ಪಡುವಣಕ್ಕೆ ಬಿಸಿಲು ಗಾಳಿಗಳೆರಡನ್ನೂ ತಾಳುವ ಸೀತಾಫಲ, ಬೆಟ್ಟದ ನೆಲ್ಲಿ, ಒಳಗೊಂದು ಸಾಲು ತೊಗರಿ. ಅವುಗಳ ಮರೆಯಲ್ಲಿ ನುಗ್ಗೆ. ಅದನ್ನೂ ವರ್ಷಕ್ಕೊಮ್ಮೆ ಆಳೆತ್ತರಕ್ಕೆ ಕಡಿದು ಕುಳ್ಳಾಗಿಸಬೇಕು. ಆಗ ಕಾಯಿ ಕೈಗೆ ಎಟಕುವುದು, ಕೊಂಬೆ ಗಾಳಿಗೆ ಸಿಲುಕದು.

ಹೀಗೆ ನೋಡಿದುದನ್ನೆಲ್ಲ ಮೊಮ್ಮಗಳ ಚೌಕುಳಿ ಹಾಳೆಯ ಮೇಲೆ ಬರೆದುಕೊಳ್ಳಬೇಕು. ಒಂದು ಚೌಕ ಒಂದು ಅಡಿಯೆಂದು ಇಟ್ಟುಕೊಂಡರಾಯಿತು. ಬಾಗಿಲು, ಬಚ್ಚಲ ಕೊಳವೆ, ಮಾಳಿಗೆಯ ನೀರು ಬೀಳುವ ಜಾಗ, ನೆಲದ ಇಳಿಜಾರು, ಬಿಸಿಲು, ಗಾಳಿ: ಈ ಆರನ್ನು ಗುರುತಿಸಿದ ಹಾಳೆಯೇ ನಕ್ಷೆ.

ಅಡಿಗೆಮನೆಯ ಬಾಗಿಲಿನಿಂದ ಆರಂಭ

ಗಿಡಕ್ಕೆ ಜಾಗ ಗೊತ್ತುಮಾಡುವ ಸೂತ್ರ ಬಹು ಸರಳ: ದಿನಕ್ಕೆ ಹೆಚ್ಚು ಸಲ ಬೇಕಾದುದು ಹತ್ತಿರ, ಅಪರೂಪಕ್ಕೆ ಬೇಕಾದುದು ದೂರ. ಒಗ್ಗರಣೆಗೆ ಎಣ್ಣೆ ಕಾದಾಗ ಚಪ್ಪಲಿ ಹುಡುಕಿ ಹಿತ್ತಲ ಕೊನೆಗೆ ಹೋಗಿ ಕರಿಬೇವು ತರುವವರಾರು? ಅಡಿಗೆಮನೆಯ ಬಾಗಿಲಿನಿಂದ ಹತ್ತು ಹೆಜ್ಜೆಯೊಳಗೆ ಕೊತ್ತಂಬರಿ, ಮೆಂತ್ಯ, ಪುದೀನಾ, ಹಸಿಮೆಣಸು, ಕರಿಬೇವುಗಳಿರಬೇಕು. ಅದರಾಚೆ ವಾರಕ್ಕೆರಡು ಸಲ ಕೊಯ್ಯುವ ಬದನೆ, ಚವಳಿ, ಪುಂಡಿ, ರಾಜಗಿರಿ. ಬೇಲಿಗೆ ಹಬ್ಬಿದ ಹೀರೆ, ತೊಂಡೆ, ಅವರೆ. ಕಟ್ಟಕಡೆಗೆ ಪೇರಲ, ನಿಂಬೆ, ಸೀತಾಫಲ, ಮತ್ತು ಗೊಬ್ಬರದ ಗುಂಡಿ. ಎರೆಯಲ್ಲಿ ಸುಣ್ಣದ ಅಂಶ ಹೆಚ್ಚಾದಲ್ಲಿ ನಿಂಬೆಯ ಚಿಗುರು ನರ ಹಸಿರಾಗಿಯೇ ಇದ್ದು ನಡುವೆಲ್ಲ ಹಳದಿಯಾಗುವುದುಂಟು. ಅದು ನೀರಿನ ಕೊರತೆಯಲ್ಲ, ಕಬ್ಬಿಣಾಂಶ ಬೇರಿಗೆ ದೊರೆಯದ ಕೊರತೆ. ಬುಡಕ್ಕೆ ಯಥೇಷ್ಟ ಗೊಬ್ಬರ ಕೊಡುವುದು ಹಿತ.

ಮಾವನ ಕೆಸರಿನ ಆಕ್ಷೇಪಕ್ಕೂ ಉತ್ತರ ಇಲ್ಲಿಯೇ ಉಂಟು. ಕಾಲು ತುಳಿಯುವುದು ಎಲ್ಲೆಂದರಲ್ಲಿ ಅಲ್ಲ. ಬಾಗಿಲಿನಿಂದ ಬಟ್ಟೆ ಒಣಹಾಕುವ ತಂತಿಗೆ, ತಂತಿಯಿಂದ ಬಚ್ಚಲಿಗೆ, ಅಲ್ಲಿಂದ ಗೊಬ್ಬರದ ಗುಂಡಿಗೆ. ಅಷ್ಟು ದಾರಿಗೆ ಮಾತ್ರ ಎರಡೂವರೆ ಅಡಿ ಅಗಲದ ಫರಸಿ ಹಾಸಿ, ನಡುವಿನ ಸಂದಿಗೆ ಸಿಮೆಂಟು ತುಂಬದೆ ಮರಳು ತುಂಬಿದರೆ ಕೆಸರೂ ಇಲ್ಲ, ತೊಟ್ಟಿಗೆ ಮುಚ್ಚಳವೂ ಇಲ್ಲ. ಪಾತಿಯ ಅಗಲ ನಾಲ್ಕು ಅಡಿ ಮೀರದಿದ್ದರೆ ಎರಡೂ ಮಗ್ಗುಲಿನಿಂದ ಕೈ ಎಟಕುವುದು. ಪಾತಿಯನ್ನು ತುಳಿಯುವ ಪ್ರಸಂಗವೇ ಬಾರದು. ದಾರಿಯ ಅಂಚು ಚೊಕ್ಕಟವಾಗಿದ್ದು, ಕಲ್ಲುಕಟ್ಟಿಗೆಯ ರಾಶಿ ಇಲ್ಲದಿದ್ದರೆ ಹಾವಿನ ಭಯವೂ ಕಡಿಮೆ.

ಬಾಳೆಯ ಬುಡಕ್ಕೆ ಬಚ್ಚಲ ನೀರು

ಬಚ್ಚಲ ನೀರಿಗೆ ಬಾಳೆಯಂಥ ಬಂಧು ಬೇರೊಂದಿಲ್ಲ. ಬೇಸಿಗೆಯಲ್ಲಿ ಒಂದು ಬಾಳೆ ದಿನಕ್ಕೆ ಹದಿನೈದು ಇಪ್ಪತ್ತು ಲೀಟರ್ ಕುಡಿಯುವುದು. ಆದಕಾರಣ ಐವರ ಸ್ನಾನದ ನೀರಿಗೆ ನಾಲ್ಕು ಬಾಳೆ, ಅವುಗಳ ನೆರಳಿನಲ್ಲಿ ನಾಲ್ಕು ಗಡ್ಡೆ ಕೆಸು; ಹೆಚ್ಚಿಗೆ ಆಸೆಪಡಬಾರದು. ಆರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿ, ತೋಡಿದ ಮಣ್ಣನ್ನು ಸುತ್ತ ಏರಿಯಾಗಿ ಹಾಕಿ, ಗುಂಡಿಗೆ ಒಣ ಎಲೆ, ಜೋಳದ ಕಣಿಕೆ, ಶೇಂಗಾ ಹೊಟ್ಟು ತುಂಬಿ, ಏರಿಯ ಮೇಲೆ ಬಾಳೆ ನೆಡುವುದು ಕ್ರಮ. ನೀರು ಕಸದ ಅಡಿಯಲ್ಲಿ ಇಳಿಯುವುದು. ಕಸ ಕೊಳೆತು ಬಾಳೆಗೆ ಗೊಬ್ಬರವಾಗುವುದು.

ಇಲ್ಲಿ ನಾಲ್ಕು ಎಚ್ಚರಿಕೆಗಳನ್ನು ಮರೆಯಬಾರದು. ಎರೆ ಉಬ್ಬಿ ಕುಗ್ಗುವ ಮಣ್ಣಾದುದರಿಂದ ಗುಂಡಿ ಮನೆಯ ಗೋಡೆಯಿಂದ ಹತ್ತು ಅಡಿಯಾದರೂ ದೂರವಿರಬೇಕು; ಇಲ್ಲವಾದರೆ ತಳಪಾಯಕ್ಕೆ ಅಪಾಯ. ಬಟ್ಟೆ ಒಗೆದ ಪುಡಿಯ ನೀರನ್ನು ಇದಕ್ಕೆ ಬಿಡಬಾರದು. ಅದರಲ್ಲಿಯ ಸೋಡಿಯಂ ಅಂಶ ಎರೆಯನ್ನು ಇನ್ನಷ್ಟು ಬಿಗಿಯಾಗಿಸುವುದು. ಬಚ್ಚಲ ನೀರನ್ನು ಸೊಪ್ಪಿಗೂ ಗಡ್ಡೆಗೂ ಹಸಿಯಾಗಿ ತಿನ್ನುವ ಯಾವುದಕ್ಕೂ ಹಾಯಿಸಬಾರದು. ಮತ್ತು ನೀರು ಕಣ್ಣಿಗೆ ಕಾಣುವಂತೆ ನಿಲ್ಲಲೇಬಾರದು. ನಿಂತ ನೀರಿನಲ್ಲಿ ಸೊಳ್ಳೆಯ ಮರಿ ಒಂದು ವಾರದ ಆಸುಪಾಸಿನಲ್ಲಿ ರೆಕ್ಕೆ ಪಡೆದು ಹಾರುವುದು; ಡೆಂಗಿ ಜ್ವರದ ಈ ಕಾಲದಲ್ಲಿ ಮಾವನ ಸೊಳ್ಳೆಯ ಮಾತನ್ನು ನಕ್ಕು ತಳ್ಳುವಂತಿಲ್ಲ. ಬಿಟ್ಟ ನೀರು ಒಂದು ಗಂಟೆಯೊಳಗೆ ಇಂಗದಿದ್ದರೆ ಎರಡನೆಯ ಗುಂಡಿ ತೋಡಿ ದಿನಕ್ಕೊಂದರಂತೆ ಸರದಿ ಮಾಡಬೇಕು.

ತರಕಾರಿಗೆ ಮಾಳಿಗೆಯ ನೀರು. ೪೦ ಮಿಲಿಮೀಟರಿನ ಒಂದೇ ಮಳೆ ೧,೨೦೦ ಚದರ ಅಡಿಯ ಮಾಳಿಗೆಯಿಂದ ನಾಲ್ಕು ಸಾವಿರ ಲೀಟರಿಗೂ ಮಿಕ್ಕಿ ಇಳಿಸುವುದು. ಐದು ಸಾವಿರ ಲೀಟರಿನ ಮುಚ್ಚಿದ ತೊಟ್ಟಿಯೊಂದಿದ್ದರೆ ಅಂಥ ಎರಡು ಮಳೆಗೆ ತುಂಬಿ ತುಳುಕುವುದು. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಹಸ್ತ ಚಿತ್ತಿ ಮಳೆಗಳಲ್ಲಿ ತೊಟ್ಟಿ ತುಂಬಿಸಿ ಕಾದಿಟ್ಟುಕೊಳ್ಳಬೇಕು. ಚಳಿಗಾಲದಲ್ಲಿ ಮಣ್ಣಿನೊಡಲ ತೇವವೇ ಬಹುಪಾಲು ಸಾಕು. ಫೆಬ್ರುವರಿಯಿಂದ ದಿನಕ್ಕೆ ೪೦ ಲೀಟರಿನಂತೆ ತೆಗೆದರೆ ತೊಟ್ಟಿಯ ನೀರು ನಾಲ್ಕು ತಿಂಗಳು ಬರುವುದು. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಪಾತಿಗೆ ದಿನಕ್ಕೆ ಸುಮಾರು ಐದು ಲೀಟರ್ ಬೇಕಾದುದರಿಂದ ಆ ಕಾಲದ ತರಕಾರಿ ನಾಲ್ಕು ಅಡಿಗೆ ಹತ್ತು ಅಡಿಯ ಎರಡೇ ಪಾತಿ. ಮಿಕ್ಕ ಪಾತಿಗಳು ಕಣಿಕೆ ಹೊದ್ದು ಮಲಗಲಿ. ತೋಟದ ಅಳತೆಯನ್ನು ನಿರ್ಣಯಿಸುವುದು ನೀರು, ಮನುಷ್ಯನ ಆಸೆಯಲ್ಲ. ಇದನ್ನು ಒಪ್ಪಿಕೊಂಡವರ ಹಿತ್ತಲು ಏಪ್ರಿಲಿನಲ್ಲಿಯೂ ಹಸಿರಾಗಿರುವುದು.

ಬರಿಯ ಮಣ್ಣನ್ನು ಗದಗಿನ ಬಿಸಿಲಿಗೆ ಒಡ್ಡುವುದು ತೆರೆದ ಪಾತ್ರೆಯಲ್ಲಿ ನೀರು ಕಾಯಿಸಿದಂತೆ. ಪಾತಿಯ ಮೇಲೆ ಯಾವಾಗಲೂ ಮೂರು ನಾಲ್ಕು ಅಂಗುಲ ಹೊದಿಕೆಯಿರಬೇಕು. ಜೋಳದ ಕಣಿಕೆ, ಶೇಂಗಾ ಹೊಟ್ಟು, ಬೇವಿನ ತರಗು ಎಲ್ಲವೂ ಈ ಸೀಮೆಯಲ್ಲಿ ಸುಲಭ. ಅಡಿಗೆಮನೆಯ ಸಿಪ್ಪೆ ಒಂದು ಬುಟ್ಟಿಗೆ ಒಣ ಎಲೆ ಎರಡು ಬುಟ್ಟಿಯಂತೆ ಗುಂಡಿಗೆ ಹಾಕಿದರೆ ನಾರದೆ ಗೊಬ್ಬರವಾಗುವುದು. ಬದನೆ ಮೆಣಸಿನ ನಡುವೆ ಚೆಂಡುಹೂ ಹಾಕಿದರೆ ಬೇರುಗಂಟಿನ ಜಂತುಗಳ ಕಾಟ ತಗ್ಗುವುದು. ದೇವರ ಪೂಜೆಗೆ ಹೂವೂ ಆಯಿತು.

ಹಿರಿಯರು ಬಿಟ್ಟುಹೋದ ನಕ್ಷೆಗಳು

ಕಡಿಮೆ ಮಳೆಯನ್ನು ಮಾನದಿಂದ ಬಳಸುವುದು ಈ ನೆಲಕ್ಕೆ ಹೊಸದಲ್ಲ. ಗದಗಿನ ನೆರೆಯ ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದುವೆಂಬುದು ಜನರ ನಂಬಿಕೆ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿದವರಿಗೆ ನೀರನ್ನು ದೇವರ ಸಮೀಪದಲ್ಲಿಟ್ಟವರ ಮನಸ್ಸು ಅರ್ಥವಾಗದೆ ಇರದು. ಡಂಬಳದ ಹಿರಿಯ ಕೆರೆ, ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆ, ಇವೂ ಮಳೆಯ ನೀರನ್ನು ತಡೆದು ನಿಲ್ಲಿಸಿದ ಕೆಲಸಗಳೇ. ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವುವು. ೨೦೨೪ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜಲನೆಲೆಗಳ ರಾಮ್ಸರ್ ಪಟ್ಟಿಗೂ ಸೇರಿತು. ಒಕ್ಕಲಿಗನ ಹೊಲಕ್ಕೆಂದು ನಿಲ್ಲಿಸಿದ ನೀರು ದೂರದ ಹಕ್ಕಿಗೂ ಆಸರೆಯಾಯಿತು.

ನಮ್ಮ ಕಾಲದಲ್ಲಿಯೂ ಈ ಪರಂಪರೆ ಬತ್ತಿಲ್ಲ. ಮಳೆನೀರನ್ನು ಕಲ್ಲು, ಜಲ್ಲಿ, ಮರಳು ತುಂಬಿದ ಗುಂಡಿಗಳ ಮೂಲಕ ನೆಲಕ್ಕೆ ಇಂಗಿಸುವ ವಿದ್ಯೆಯನ್ನು ನಾಡಿನಾದ್ಯಂತ ಹರಡಿದ ಅಯ್ಯಪ್ಪ ಮಸಗಿಯವರು ಹುಟ್ಟಿದ್ದು ಗದಗ ಸೀಮೆಯಲ್ಲಿಯೇ. ಕೊಡ ನೀರಿನ ಕಷ್ಟವನ್ನು ಕಂಡು ಬೆಳೆದ ನೆಲದಿಂದಲೇ ನೀರಿನ ಪಾಠ ಹೊರಟದ್ದು ಆಕಸ್ಮಿಕವಲ್ಲ. ಕಪ್ಪತಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಲು ಜನ ಬೀದಿಗಿಳಿದುದೂ, ೨೦೧೯ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಿತವಾದುದೂ ಅದೇ ಕಥೆಯ ಇನ್ನೊಂದು ಅಧ್ಯಾಯ. ಒಂದು ಮಾತನ್ನು ಇಲ್ಲಿಯೇ ಹೇಳಬೇಕು: ಔಷಧಿಯ ಗಿಡಗಳ ಮೋಹದಿಂದ ಆ ಗುಡ್ಡದಿಂದ ಬೇರುಸಹಿತ ಕಿತ್ತು ತಂದು ಹಿತ್ತಲನ್ನು ಸಿಂಗರಿಸುವುದು ಅಪರಾಧ. ತುಳಸಿ, ಲೋಳೆಸರ, ಅಮೃತಬಳ್ಳಿಗಳು ನೆರೆಮನೆಯ ಬೇಲಿಯಿಂದಲೇ ದೊರೆಯುವುವು.

ಕೆರೆ ಕಟ್ಟುವುದು ಅರಸನ ಕೆಲಸ, ಗುಡ್ಡ ಕಾಯುವುದು ಊರಿನ ಕೆಲಸ ಎಂದುಕೊಂಡರೂ ತನ್ನ ಮಾಳಿಗೆಯ ನೀರಿಗೆ ಮನೆಯ ಯಜಮಾನನೇ ಅರಸ.

ಮೊದಲ ವರ್ಷದ ಮಿತಿ

ಇಷ್ಟನ್ನು ಓದಿ ಒಂದೇ ವರ್ಷದಲ್ಲಿ ಸಂತೆಗೆ ಹೋಗುವುದು ತಪ್ಪೀತೆಂದು ಯಾರೂ ನಂಬಬಾರದು. ೭೨೦ ಚದರ ಅಡಿಯ ಹಿತ್ತಲು ಐವರ ಹೊಟ್ಟೆಯನ್ನು ಹೊರೆಯಲಾರದು. ಮೊದಲ ವರ್ಷ ಎರಡು ಪಾತಿ, ನಾಲ್ಕು ಬಾಳೆ, ಒಂದು ಕರಿಬೇವು, ಒಂದು ನುಗ್ಗೆ ಸಾಕು. ಹಣ್ಣಿನ ಗಿಡಗಳು ಫಲ ಕೊಡಲು ಮೂರು ನಾಲ್ಕು ವರ್ಷ ಕಾಯಬೇಕು. ಆರಂಭದಲ್ಲಿ ಹುಳ ತಿನ್ನುವುದು, ಬೀಜ ಹುಸಿಯಾಗುವುದು, ಮಂಗ ಬಂದು ಪೇರಲ ಕೀಳುವುದು ಎಲ್ಲವೂ ಇದ್ದದ್ದೇ. ಆದರೆ ರೊಟ್ಟಿಯ ಮಗ್ಗುಲಿಗೆ ವಾರಕ್ಕೆ ನಾಲ್ಕು ದಿನ ಮನೆಯದೇ ಪಲ್ಯ, ದಿನವೂ ಬಾಡದ ಕೊತ್ತಂಬರಿ, ನೆರೆಯವರಿಗೆ ಕೊಡಲು ಒಂದು ಚಿಪ್ಪು ಬಾಳೆಹಣ್ಣು: ಇವಿಷ್ಟು ದೊರೆತರೆ ಅದನ್ನು ಅಲ್ಪವೆನ್ನಲಾಗದು.

ಮಾವ-ಸೊಸೆಯರ ವ್ಯಾಜ್ಯ ಇಂಥ ಮನೆಗಳಲ್ಲಿ ಹೇಗೆ ಮುಗಿದೀತು? ನಕ್ಷೆಯ ಹಾಳೆ ಊಟದ ಮೇಜಿನ ಮೇಲೆ ಬಂದೊಡನೆ ಅರ್ಧ ಮುಗಿಯುವುದು. ಫರಸಿ ಬೇಕೋ ಬೇಡವೋ ಎಂಬ ಜಗಳ, ಫರಸಿ ಎಲ್ಲಿ ಬೇಕು ಎಂಬ ಮಾತುಕತೆಯಾಗಿ ಮಾರ್ಪಡುವುದು. ಅಜ್ಜ ಪಟ್ಟಿ ಹಿಡಿದು ದಾರಿ ಅಳೆಯುವನು. ಮೊಮ್ಮಗಳು ಚೌಕ ಎಣಿಸುವಳು. ಅಜ್ಜಿ ಮಾತ್ರ ಹಾಳೆಯನ್ನು ನೋಡದೆಯೇ ಹೇಳುವಳು: “ಬಾಳಿ ಆ ಮೂಲ್ಯಾಗ ಹಚ್ಚರಿ. ಮಳಿ ನೀರು ಅಲ್ಲೇ ನಿಂದರತೈತಿ. ಇಷ್ಟ ದಿನ ನನ್ನ ಯಾರೂ ಕೇಳಲೇ ಇಲ್ಲ.”

ಸಪ್ಟೆಂಬರಿನ ಒಂದು ಸಂಜೆ ಉತ್ತರಿ ಮಳೆ ಜಡಿದು ಸುರಿಯುವಾಗ, ಕೆಸರೆಂದು ಹಟ ಹಿಡಿದಿದ್ದ ಅಜ್ಜನೇ ಕೊಡೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು, ಮಾಳಿಗೆಯ ನೀರು ಸರಿಯಾಗಿ ತೊಟ್ಟಿಗೆ ಬೀಳುತ್ತಿದೆಯೇ ಎಂದು ಇಣುಕಿ ನೋಡಿದರೆ ಆಶ್ಚರ್ಯಪಡಬೇಕಾದುದಿಲ್ಲ. ಹಿತ್ತಲ ಗಿಡ ಮದ್ದೋ ಅಲ್ಲವೋ, ಆ ಮಾತನ್ನು ಅಂದಿನಿಂದ ಆ ಮನೆಯಲ್ಲಿ ಯಾರೂ ಕೇಳಲಾರರು.